ಎಪ್ಪತ್ತು ವರ್ಷದ ಮಾತನ್ನು ಒಂದು ವರ್ಷಕ್ಕೆ ಇಳಿಸಬೇಡಿ

ಡಿಸೆಂಬರ್ 31ರ ರಾತ್ರಿ ಹನ್ನೆರಡು ಹೊಡೆದು ಹೊಸ ವರ್ಷದ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಎಷ್ಟೋ ಸಭೆಗಳಲ್ಲಿ ಒಂದು ತಟ್ಟೆ ಸಾಲಿನಿಂದ ಸಾಲಿಗೆ ಬರುತ್ತದೆ. ಅದರಲ್ಲಿ ಬಣ್ಣದ ಕಾರ್ಡುಗಳನ್ನು ಬೋರಲು ಹಾಕಿಟ್ಟಿರುತ್ತಾರೆ. ಪ್ರಾರ್ಥಿಸಿ ಒಂದನ್ನು ಎತ್ತಿಕೊಳ್ಳಬೇಕು. ಕೈಗೆ ಬಂದ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ವಾಗ್ದಾನ. ಅದನ್ನು ಸತ್ಯವೇದದೊಳಗೆ ಜೋಪಾನವಾಗಿ ಇಟ್ಟುಕೊಳ್ಳುವವರಿದ್ದಾರೆ, ಫ್ರಿಜ್ಜಿನ ಬಾಗಿಲಿಗೆ ಅಂಟಿಸುವವರಿದ್ದಾರೆ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವವರಿದ್ದಾರೆ. ಆ ಕಾರ್ಡುಗಳಲ್ಲಿ ಮತ್ತೆ ಮತ್ತೆ ಕಾಣಿಸುವ ವಚನವೊಂದಿದೆ: ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ. ತನ್ನ ಜನರ ವಿಷಯದಲ್ಲಿ ದೇವರು ಯೋಚಿಸಿರುವುದು ಹಿತವನ್ನೇ, ಅವರ ಮುಂದಿನ ದಿನಗಳಿಗೆ ನಿರೀಕ್ಷೆಯಿದೆ ಎಂಬುದು ಅದರ ತಿರುಳು.

ಕಾಗದದ ಕಾರ್ಡಿನ ಮೇಲೆ ನನಗೆ ಹಗೆಯಿಲ್ಲ. ನನ್ನ ತಕರಾರಿರುವುದು ಅದರ ಹಿಂದೆ ನಿಂತು, ಈಗ ಸಭೆಯ ಪೀಠದಿಂದ ಯೂಟ್ಯೂಬ್ ಪ್ರಸಂಗದವರೆಗೆ ಹಬ್ಬಿಕೊಂಡಿರುವ ಒಂದು ನಂಬಿಕೆಯ ಮೇಲೆ. ಆ ನಂಬಿಕೆ ಹೇಳುವುದು ಹೀಗೆ: ದೇವರು ನಂಬಿಗಸ್ತನು ಎಂದರೆ ನನ್ನ ಮನೆ, ನನ್ನ ಕೆಲಸ, ನನ್ನ ಮಗಳ ಮದುವೆ, ನನ್ನ ಸಾಲ, ಇವುಗಳ ಬಗ್ಗೆ ಆತ ಕೊಟ್ಟ ಮಾತನ್ನು ಗಡುವಿನೊಳಗೆ ನಡೆಸಿಕೊಡುತ್ತಾನೆ, ಸತ್ಯವೇದ ಅಂಥ ಮಾತುಗಳ ಭಂಡಾರ, ಗಟ್ಟಿಯಾಗಿ ನಂಬಿ ಹಕ್ಕಿನಿಂದ ಕೇಳಿದವನಿಗೆ ಸಿಗುತ್ತದೆ, ಸಿಗದಿದ್ದರೆ ಅವನ ನಂಬಿಕೆಯಲ್ಲೇ ಕೊರತೆಯಿದೆ. ಇದನ್ನು ಅತಿಯಾದ ಉತ್ಸಾಹವೆಂದು ಕ್ಷಮಿಸಿ ಸುಮ್ಮನಿರಲು ನನ್ನಿಂದ ಆಗದು. ಸತ್ಯವೇದವು ಯಾವುದನ್ನು ದೇವರ ನಂಬಿಗಸ್ತಿಕೆ ಎಂದು ಸಾರುತ್ತದೆಯೋ ಅದನ್ನೇ ಈ ಬೋಧನೆ ನಮ್ಮ ಜನರ ಕಣ್ಣಿನಿಂದ ಮರೆಮಾಡುತ್ತಿದೆ. ಇದನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಯೆರೆಮೀಯನ ಅದೇ ಅಧ್ಯಾಯ ಸಾಕು.

ಅದು ಮೊದಲಿಗೆ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಪಟ್ಟಕ್ಕೆ ಬಂದು ಮೂರೇ ತಿಂಗಳಾಗಿದ್ದ ಹದಿನೆಂಟು ವರ್ಷದ ಯೆಹೋಯಾಖೀನನನ್ನೂ ಅವನ ತಾಯಿಯನ್ನೂ ಅಧಿಕಾರಿಗಳನ್ನೂ ಕಮ್ಮಾರರಂಥ ಕುಶಲಕರ್ಮಿಗಳನ್ನೂ ಸೆರೆಯೊಯ್ದ. ದೇವಾಲಯದ ಪಾತ್ರೆಗಳೂ ಹೋದವು. ಹೊಸ ಅರಸ ಚಿದ್ಕೀಯ ಬಾಬೆಲಿಗೆ ಕಳಿಸಿದ ದೂತರ ಕೈಯಲ್ಲಿ ಯೆರೆಮೀಯ ಆ ಸೆರೆಯವರಿಗೆ ಓಲೆ ಕೊಟ್ಟು ಕಳಿಸಿದ. ಅಲ್ಲಿಯೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿಸಿ, ನಿಮ್ಮನ್ನು ಹಿಡಿದೊಯ್ದವರ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದು ಬರೆದ. ಬಾಬೆಲಿಗೆ ಎಪ್ಪತ್ತು ವರ್ಷ ತುಂಬಿದ ಮೇಲೆ ದೇವರು ತನ್ನ ಜನರನ್ನು ವಿಚಾರಿಸಿ ಮರಳಿ ಕರೆತರುತ್ತಾನೆ ಎಂದು ಬರೆದ. ಆ ಎಪ್ಪತ್ತರ ಮಾತು ಬರುವುದು ಹತ್ತನೆಯ ವಚನದಲ್ಲಿ. ನಾವು ಕಾರ್ಡಿಗೆ ಎತ್ತಿಕೊಂಡಿರುವುದು ಹನ್ನೊಂದನೆಯದನ್ನು.

ಲೆಕ್ಕ ಹಾಕಿ ನೋಡಿ. ಸೆರೆಗೆ ಹೋಗುವಾಗ ಮೂವತ್ತು ವರ್ಷದವನಾಗಿದ್ದವನು, ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದ ಕ್ರಿ.ಪೂ. 539ರ ತನಕ ಬದುಕಿದ್ದರೆ ತೊಂಬತ್ತರ ಹತ್ತಿರದ ಮುದುಕ. ಆ ಓಲೆಯನ್ನು ಕಿವಿಯಾರೆ ಕೇಳಿದವರಲ್ಲಿ ಬಹುತೇಕರು ಬಾಬೆಲಿನಲ್ಲೇ ಮಣ್ಣಾದರು. ಅವರಿಗೆ ಯೆರೆಮೀಯನ ಮಾತಿನ ಅರ್ಥ ಸ್ಪಷ್ಟವಾಗಿತ್ತು: ನಿಮ್ಮ ಕಣ್ಣು ಅದನ್ನು ನೋಡಲಾರದು, ಆದರೂ ದೇವರು ಸುಳ್ಳಾಗುವುದಿಲ್ಲ, ನೀವು ನೆಟ್ಟ ಮರದ ಹಣ್ಣು ನಿಮಗಿರಲಿ, ಊರಿಗೆ ಮರಳುವ ದಾರಿ ನಿಮ್ಮ ಮೊಮ್ಮಕ್ಕಳಿಗಿರಲಿ.

ಇಂಥ ಮಾತು ಆಗಲೂ ಯಾರಿಗೂ ಹಿಡಿಸಲಿಲ್ಲ. ಹಿಂದಿನ ಅಧ್ಯಾಯವನ್ನೇ ಓದಿ. ಗಿಬ್ಯೋನಿನ ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ, ಯಾಜಕರ ಮತ್ತು ಜನರೆಲ್ಲರ ಎದುರಿಗೆ ನಿಂತು, ಎರಡೇ ವರ್ಷದೊಳಗೆ ಪಾತ್ರೆಗಳೂ ಬರುತ್ತವೆ, ಯೆಹೋಯಾಖೀನನೂ ಬರುತ್ತಾನೆ, ಸೆರೆಯವರೆಲ್ಲ ಬರುತ್ತಾರೆ ಎಂದು ದೇವರ ಹೆಸರಿನಲ್ಲಿ ಸಾರಿದ. ಯೆರೆಮೀಯನ ಕೊರಳಿನಲ್ಲಿದ್ದ ಮರದ ನೊಗವನ್ನು ಕಿತ್ತು ಮುರಿದ. ನೊಗ ಮುರಿಯುವ ಮೊದಲು, ಆ ಮಾತು ಕೇಳಿದಾಗ ಯೆರೆಮೀಯ ಆಮೆನ್ ಎಂದಿದ್ದ. ಹಾಗೆ ನಡೆದರೆ ಅವನಿಗೂ ಸಂತೋಷವೇ. ಆದರೆ ಪ್ರವಾದಿಯ ಆಸೆ ಬೇರೆ, ದೇವರು ಆಡಿದ ಮಾತು ಬೇರೆ. ಆ ವರ್ಷವೇ ಏಳನೆಯ ತಿಂಗಳಲ್ಲಿ ಹನನ್ಯ ಸತ್ತ. ಅವನು ಹೇಳಿದ ಎರಡು ವರ್ಷ ಕಳೆದರೂ ಯಾರೂ ಮರಳಿ ಬರಲಿಲ್ಲ. ಹನನ್ಯನ ಬಗ್ಗೆ ಗಮನಿಸಬೇಕಾದ್ದು ಇದು: ಅವನು ಅನ್ಯದೇವರ ಹೆಸರೆತ್ತಲಿಲ್ಲ. ಯೆಹೋವನ ಆಲಯದಲ್ಲಿ ನಿಂತು ಯೆಹೋವನ ಹೆಸರಿನಲ್ಲೇ ಬಿಡುಗಡೆಯನ್ನು ಸಾರಿದ. ಬಿಡುಗಡೆಯಾಗುತ್ತದೆ ಎಂಬುದರಲ್ಲಿ ಅವನಿಗೂ ಯೆರೆಮೀಯನಿಗೂ ಜಗಳವಿರಲಿಲ್ಲ. ಜಗಳವಿದ್ದದ್ದು ಎರಡು ವರ್ಷಕ್ಕೂ ಎಪ್ಪತ್ತು ವರ್ಷಕ್ಕೂ ನಡುವೆ. ನಮ್ಮ ಕಾಲದೊಳಗೆ ಆಗಲೇಬೇಕು ಎನ್ನುವವನಿಗೂ ದೇವರ ಕಾಲವನ್ನು ದೇವರಿಗೇ ಬಿಟ್ಟವನಿಗೂ ನಡುವೆ.

ನನ್ನ ಮುಖ್ಯ ಆರೋಪ ಇಷ್ಟೇ. ನಮ್ಮ ಸಭೆಗಳು ಯೆರೆಮೀಯನ ವಚನವನ್ನು ಹನನ್ಯನ ಬಾಯಿಂದ ಹೇಳಿಸುತ್ತಿವೆ. ಎಪ್ಪತ್ತು ವರ್ಷಕ್ಕೆಂದು, ಒಂದು ಇಡೀ ಜನಾಂಗಕ್ಕೆಂದು ಬಂದ ಮಾತನ್ನು ಹನ್ನೆರಡು ತಿಂಗಳಿಗೆ, ಒಬ್ಬನ ಅನುಕೂಲಕ್ಕೆ ಇಳಿಸುತ್ತಿವೆ. ಬಿತ್ತನೆಗೆ ಇಟ್ಟ ಬೀಜವನ್ನು ಒಂದು ರಾತ್ರಿಯ ಊಟಕ್ಕೆ ಹುರಿದು ತಿಂದಂತೆ.

ಹಾಗಾದರೆ ಸತ್ಯವೇದ ಯಾವುದನ್ನು ನಂಬಿಗಸ್ತಿಕೆ ಎನ್ನುತ್ತದೆ? ಆದಿಕಾಂಡದ 15ನೇ ಅಧ್ಯಾಯಕ್ಕೆ ಹೋಗಬೇಕು. ಸತ್ಯವೇದದ ಉಳಿದ ಕಥೆಯೆಲ್ಲ ಆ ಒಂದು ರಾತ್ರಿಯಿಂದ ಹೊರಡುತ್ತದೆ ಎಂದು ನಾನು ನಂಬಿದ್ದೇನೆ. ಅಬ್ರಾಮನು ದೇವರ ಅಪ್ಪಣೆಯಂತೆ ಮೂರು ವರ್ಷದ ಕಡಸನ್ನೂ ಆಡನ್ನೂ ಟಗರನ್ನೂ ತಂದು, ಎರಡು ಹೋಳು ಮಾಡಿ ಎದುರುಬದುರಾಗಿ ಇಟ್ಟ. ಆ ಕಾಲದಲ್ಲಿ ಒಡಂಬಡಿಕೆ ಮಾಡಿಕೊಳ್ಳುವವರು ಹೋಳುಗಳ ನಡುವೆ ನಡೆದು ಹೋಗುತ್ತಿದ್ದರು. ಮಾತಿಗೆ ತಪ್ಪಿದರೆ ಈ ಪ್ರಾಣಿಗೆ ಆದದ್ದು ನನಗೂ ಆಗಲಿ ಎಂಬುದು ಅದರ ಆಣೆ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ಯೆರೆಮೀಯ 34ರಲ್ಲೇ ಅದಿದೆ. ದಾಸರನ್ನು ಬಿಡುಗಡೆ ಮಾಡುತ್ತೇವೆಂದು ಕರುವನ್ನು ಸೀಳಿ ನಡುವೆ ನಡೆದ ಯೆರೂಸಲೇಮಿನ ದೊಡ್ಡವರು, ಆಮೇಲೆ ಅದೇ ದಾಸರನ್ನು ಮತ್ತೆ ಹಿಡಿದು ತಂದರು. ನೀವು ಸೀಳಿದ ಕರುವಿನ ಗತಿ ನಿಮಗೇ ಬರುತ್ತದೆ ಎಂದು ದೇವರು ಅವರಿಗೆ ಹೇಳಿಸಿದ.

ಆದರೆ ಅಬ್ರಾಮನ ರಾತ್ರಿ ಅವನು ಹೋಳುಗಳ ನಡುವೆ ಕಾಲಿಡಲೇ ಇಲ್ಲ. ಅವನಿಗೆ ಗಾಢನಿದ್ರೆ ಬಂತು, ಭಯಂಕರವಾದ ಕತ್ತಲೆ ಕವಿಯಿತು. ಹೊಗೆಯಾಡುವ ಒಲೆಯೂ ಉರಿಯುವ ದೀವಟಿಗೆಯೂ ಮಾತ್ರ ಆ ನಡುವಿನಿಂದ ಹಾದು ಹೋದವು. ಎರಡೂ ಕಡೆಯ ಆಣೆಯನ್ನು ದೇವರೊಬ್ಬನೇ ಹೊತ್ತ. ಮನುಷ್ಯ ತಪ್ಪಿದರೂ ಅದರ ಶಾಪ ತನ್ನ ಮೇಲೆ ಬರಲಿ ಎಂಬಂತೆ ನಡೆದ. ಅದೇ ರಾತ್ರಿ ದೇವರು ಅವನಿಗೆ ಇನ್ನೊಂದನ್ನೂ ಹೇಳಿದ: ನಿನ್ನ ಸಂತತಿಯವರು ಅನ್ಯದೇಶದಲ್ಲಿ ನಾನೂರು ವರ್ಷ ದಾಸರಾಗಿ ಕುಗ್ಗುವರು, ನೀನಂತೂ ಮುಪ್ಪಿನಲ್ಲಿ ಸಮಾಧಾನದಿಂದ ಪಿತೃಗಳ ಬಳಿಗೆ ಸೇರುವೆ. ಭೂಮಿಯನ್ನು ಕೊಡುತ್ತೇನೆ ಎಂದ ಆ ಮಾತಿನೊಳಗೇ, ನೀನು ಅದನ್ನು ನೋಡದೆ ಸಾಯುತ್ತೀ ಎಂಬ ಮಾತೂ ಇತ್ತು.

ಅಬ್ರಹಾಮ ಮನೆ ಬಿಟ್ಟು ಹೊರಟಾಗ ಎಪ್ಪತ್ತೈದು ವರ್ಷ. ಇಸಾಕ ಹುಟ್ಟಿದಾಗ ನೂರು. ವಾಗ್ದಾನದ ದೇಶದಲ್ಲಿ ಅವನ ಹೆಸರಿಗೆ ಆದದ್ದು ಹೆಂಡತಿ ಸಾರಳನ್ನು ಹೂಳಲಿಕ್ಕೆ ಹಿತ್ತಿಯನಾದ ಎಫ್ರೋನನಿಂದ ಕೊಂಡ ಮಕ್ಪೇಲದ ಹೊಲವೂ ಅದರೊಳಗಿನ ಗವಿಯೂ. ಅದಕ್ಕೂ ನಾನೂರು ಶೆಕೆಲ್ ಬೆಳ್ಳಿ ತೂಗಿ ಕೊಡಬೇಕಾಯಿತು. ಇಡೀ ದೇಶದ ವಾಗ್ದಾನ ಪಡೆದವನಿಗೆ ಸಿಕ್ಕಿದ್ದು ಒಂದು ಸಮಾಧಿಯ ಜಾಗ. ಇಂದಿನ ಬೋಧನೆಯ ಅಳತೆಗೋಲು ಹಿಡಿದರೆ ಅಬ್ರಹಾಮನ ನಂಬಿಕೆಯಲ್ಲಿ ಏನೋ ದೋಷವಿತ್ತು ಎನ್ನಬೇಕಾಗುತ್ತದೆ. ಸತ್ಯವೇದ ಅವನನ್ನು ನಂಬುವವರೆಲ್ಲರ ತಂದೆ ಎಂದು ಕರೆಯುತ್ತದೆ.

ಮುಂದಿನ ಕಥೆಯ ಉದ್ದಕ್ಕೂ ಇದೇ ನಡೆ. ಸೀನಾಯಿಯ ಬುಡದಲ್ಲಿ ಜನ ಚಿನ್ನದ ಕರು ಎರಕ ಹೊಯ್ದಾಗ, ಇವರನ್ನು ಬಿಟ್ಟು ನಿನ್ನಿಂದಲೇ ದೊಡ್ಡ ಜನಾಂಗ ಮಾಡುತ್ತೇನೆ ಎಂದು ದೇವರು ಮೋಶೆಗೆ ಹೇಳಿದ. ಒಬ್ಬ ಮನುಷ್ಯನಿಗೆ ಇದಕ್ಕಿಂತ ದೊಡ್ಡ ವೈಯಕ್ತಿಕ ವಾಗ್ದಾನ ಇರಲಾರದು. ಮೋಶೆ ಅದನ್ನು ತೆಗೆದುಕೊಳ್ಳಲಿಲ್ಲ. ಅಬ್ರಹಾಮ, ಇಸಾಕ, ಯಾಕೋಬರಿಗೆ ನೀನು ಆಣೆಯಿಟ್ಟಿದ್ದೀಯಲ್ಲಾ ಎಂದು ಹಳೆಯ ಮಾತನ್ನೇ ಹಿಡಿದು ಜನರಿಗಾಗಿ ವಾದಿಸಿದ. ದೇವರ ನಂಬಿಗಸ್ತಿಕೆಯನ್ನು ಬಲ್ಲವನು ತನ್ನ ಪಾಲನ್ನು ಕೇಳುವುದಿಲ್ಲ, ದೇವರ ಜನರ ಉಳಿವನ್ನು ಕೇಳುತ್ತಾನೆ.

ದಾವೀದನ ಸಿಂಹಾಸನ ಶಾಶ್ವತವೆಂಬ ಮಾತು ಎರಡನೆಯ ಸಮುವೇಲನ 7ನೇ ಅಧ್ಯಾಯದಲ್ಲಿ ಬಂತು. ಕ್ರಿ.ಪೂ. 586ರಲ್ಲಿ ಆ ಸಿಂಹಾಸನವೂ ದೇವಾಲಯವೂ ಬೂದಿಯಾದವು. 89ನೇ ಕೀರ್ತನೆಯನ್ನು ಸಭೆಯಲ್ಲಿ ಕೊನೆಯವರೆಗೆ ಓದುವುದನ್ನು ನಾನು ಅಪರೂಪಕ್ಕೆ ಕೇಳಿದ್ದೇನೆ. ಅದು ದೇವರ ನಂಬಿಗಸ್ತಿಕೆಯನ್ನು ತಲತಲಾಂತರಕ್ಕೂ ಹಾಡುವೆನೆಂದು ತೊಡಗಿ, ದಾವೀದನಿಗೆ ಕೊಟ್ಟ ಮಾತನ್ನು ಸಾಲುಸಾಲಾಗಿ ನೆನೆದು, 38ನೇ ವಚನದಿಂದ ಒಮ್ಮೆಗೇ ತಿರುಗಿ ದೇವರನ್ನೇ ಕಟಕಟೆಗೆ ನಿಲ್ಲಿಸುತ್ತದೆ. ಆ ಪ್ರೀತಿ ಈಗ ಎಲ್ಲಿ ಹೋಯಿತು ಎಂದು ಕೇಳುತ್ತದೆ. ಹಾಡಿನೊಳಗೆ ಉತ್ತರ ಬರುವುದಿಲ್ಲ. ಪವಿತ್ರಾತ್ಮನು ಆ ಪ್ರಶ್ನೆಯನ್ನು ಸತ್ಯವೇದದಲ್ಲಿ ಉತ್ತರವಿಲ್ಲದೆಯೇ ಉಳಿಸಿದ್ದಾನೆ. ಪ್ರಲಾಪಗಳ ಪುಸ್ತಕವೂ ಹಾಗೆಯೇ. ಮುಂಜಾನೆ ಮುಂಜಾನೆಗೂ ಹೊಸದಾಗುವ ಕೃಪೆಯ ಮಾತು ಅದರ 3ನೇ ಅಧ್ಯಾಯದ ನಟ್ಟನಡುವೆ ಇದೆ. ಕಾರ್ಡುಗಳಿಗೆ ಅದೂ ಅಚ್ಚುಮೆಚ್ಚು. ಅದರ ಸುತ್ತ ಇರುವುದು ಬೀದಿಯಲ್ಲಿ ಹಸಿದು ಬಿದ್ದ ಕೂಸುಗಳು, ನೆಲದಲ್ಲಿ ಹೂತುಹೋದ ಬಾಗಿಲುಗಳು, ಮುಂದಿನ ಅಧ್ಯಾಯದಲ್ಲಿ ಹೆತ್ತ ಮಕ್ಕಳನ್ನೇ ಬೇಯಿಸಿದ ತಾಯಂದಿರು. ಆ ಮಾತು ಹುಟ್ಟಿದ ನೆಲ ಅದು. ನೆಲವನ್ನು ಬಿಟ್ಟು ಮಾತನ್ನು ಮಾತ್ರ ಕಿತ್ತುಕೊಂಡವರು ದೇವರ ನಂಬಿಗಸ್ತಿಕೆ ಎಷ್ಟು ಆಳಕ್ಕೆ ಇಳಿಯಬಲ್ಲದು ಎಂಬುದನ್ನೇ ಕಳೆದುಕೊಳ್ಳುತ್ತಾರೆ.

ಈಗ ಮತ್ತೆ ಆ ಯೆಹೋಯಾಖೀನನ ಹತ್ತಿರ ಬರೋಣ, ಯಾಕೆಂದರೆ ನಂಬಿಗಸ್ತಿಕೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಅವನಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹನನ್ಯನ ಮಾತಿನಂತೆ ಎರಡು ವರ್ಷದಲ್ಲಿ ಬರಬೇಕಾದವನು ಮೂವತ್ತೇಳು ವರ್ಷ ಸೆರೆಯಲ್ಲಿದ್ದ. ಆಮೇಲೆ ಬಾಬೆಲಿನ ಅರಸ ಎವೀಲ್ಮೆರೋದಕನು ಅವನನ್ನು ಸೆರೆಮನೆಯಿಂದ ಬಿಡಿಸಿ ತನ್ನ ಪಂಕ್ತಿಯಲ್ಲಿ ಊಟ ಕೊಟ್ಟ ಎಂದು ಎರಡನೆಯ ಅರಸುಗಳ ಪುಸ್ತಕ ಮುಗಿಯುತ್ತದೆ. ಬಾಬೆಲಿನ ಅರಮನೆಯ ಅವಶೇಷಗಳಲ್ಲಿ ಸಿಕ್ಕಿದ ಜೇಡಿಮಣ್ಣಿನ ಹಲಗೆಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಕೊಟ್ಟ ಎಣ್ಣೆಯ ಪಡಿಯ ಲೆಕ್ಕವಿದೆ. 1939ರಲ್ಲಿ ಅದು ಪ್ರಕಟವಾಯಿತು. ಆ ಎಣ್ಣೆಯನ್ನು ಅಳೆದು ಬರೆದಿಟ್ಟ ಗುಮಾಸ್ತನಿಗೆ ಯೆಹೋವನೂ ಗೊತ್ತಿರಲಿಲ್ಲ, ದಾವೀದನಿಗೆ ಕೊಟ್ಟ ಮಾತೂ ಗೊತ್ತಿರಲಿಲ್ಲ. ಆದರೂ ಶತ್ರುವಿನ ಉಗ್ರಾಣದಿಂದ ದಿನವಹಿ ಪಡಿ ಪಡೆದು ದಾವೀದನ ಮನೆ ಉಳಿಯಿತು.

ಇವನನ್ನು ಕುರಿತೇ ಯೆರೆಮೀಯ, ಅವನು ದೇವರ ಬಲಗೈಯ ಮುದ್ರೆಯುಂಗುರವಾಗಿದ್ದರೂ ದೇವರು ಅವನನ್ನು ಕಿತ್ತೆಸೆಯುತ್ತಾನೆ ಎಂದಿದ್ದ. ಕ್ರಿ.ಪೂ. 520ರಲ್ಲಿ ಪ್ರವಾದಿ ಹಗ್ಗಾಯ, ಸೆರೆಯಿಂದ ಮರಳಿದ ಜೆರುಬ್ಬಾಬೆಲನಿಗೆ, ದೇವರು ನಿನ್ನನ್ನು ಮುದ್ರೆಯುಂಗುರದಂತೆ ಮಾಡುತ್ತಾನೆ ಎಂದ. ಜೆರುಬ್ಬಾಬೆಲ ಯಾರು? ಅದೇ ಯೆಹೋಯಾಖೀನನ ಮೊಮ್ಮಗ. ಅಜ್ಜನ ಕಾಲಕ್ಕೆ ಕಿತ್ತೆಸೆದ ಉಂಗುರವನ್ನು ಮೊಮ್ಮಗನ ಕಾಲಕ್ಕೆ ದೇವರು ಮತ್ತೆ ತೊಟ್ಟ. ಜೆರುಬ್ಬಾಬೆಲನೂ ಪಟ್ಟಕ್ಕೆ ಏರಲಿಲ್ಲ. ಪಾರಸಿಯ ಅರಸನ ಕೈಕೆಳಗಿನ ಅಧಿಪತಿಯಾಗಿಯೇ ಇದ್ದ. ಅವನಿಂದ ಮುಂದಕ್ಕೆ ಮತ್ತಾಯನ ವಂಶಾವಳಿಯಲ್ಲಿ ಬರುವ ಅಬಿಹೂದ, ಎಲ್ಯಕೀಮ, ಅಜೋರ, ಸದೋಕ, ಇವರ ಬಗ್ಗೆ ನಮಗೆ ಹೆಸರಿನ ಹೊರತು ಏನೂ ತಿಳಿಯದು. ಯಾವ ಗೆಲುವಿನ ಸಾಕ್ಷಿಯನ್ನೂ ಹೇಳದೆ ಬಾಳಿ ಸತ್ತ ಆ ಮನುಷ್ಯರ ಬೆನ್ನ ಮೇಲೆ ವಾಗ್ದಾನ ನಡೆದು ಬೇತ್ಲೆಹೇಮಿಗೆ ಬಂತು. ಮರಿಯಳ ಸ್ತೋತ್ರದಲ್ಲೂ ಜಕರೀಯನ ಸ್ತೋತ್ರದಲ್ಲೂ ಅಬ್ರಹಾಮನ ಹೆಸರು ಕೇಳಿಸುವುದು ಅದಕ್ಕೇ. ಆ ಇಬ್ಬರಿಗೂ ತಮಗೆ ಸಿಕ್ಕಿದ್ದು ಯಾವ ಕಾಲದ ಮಾತು ಎಂಬುದು ಗೊತ್ತಿತ್ತು.

ಕಲ್ವಾರಿಯಲ್ಲಿ ಆದದ್ದನ್ನು ಆ ಹೋಳುಗಳ ರಾತ್ರಿಯ ಬೆಳಕಿನಲ್ಲಿ ನೋಡಬೇಕು. ಒಡಂಬಡಿಕೆಯನ್ನು ಮುರಿದವರು ನಾವು. ಶಾಪಕ್ಕೆ ಒಳಗಾದವನು ಕ್ರಿಸ್ತ ಎಂದು ಪೌಲನು ಗಲಾತ್ಯದವರಿಗೆ ಬರೆಯುತ್ತಾನೆ. ಹೋಳುಗಳ ನಡುವೆ ಒಬ್ಬನೇ ನಡೆದವನು ತನ್ನ ಆಣೆಯ ಬೆಲೆಯನ್ನು ತಾನೇ ತೆತ್ತ. ಮಧ್ಯಾಹ್ನದ ಹೊತ್ತಿಗೆ ದೇಶದ ಮೇಲೆ ಕತ್ತಲೆ ಕವಿಯಿತೆಂದು ಸುವಾರ್ತೆಗಳು ಹೇಳುವಾಗ ನನಗೆ ಅಬ್ರಾಮನ ಮೇಲೆ ಕವಿದ ಕತ್ತಲೆಯೇ ನೆನಪಾಗುತ್ತದೆ. ದೇವರು ನಂಬಿಗಸ್ತನು ಎಂಬ ಮಾತಿಗೆ ಸತ್ಯವೇದ ಕೊಡುವ ಅಂತಿಮ ಪುರಾವೆ ಕ್ರಿಸ್ತನ ಶಿಲುಬೆ ಮತ್ತು ತೆರೆದ ಸಮಾಧಿ. ಈಡೇರಿದ ಕೋರಿಕೆಗಳ ಪಟ್ಟಿಯನ್ನು ಅದರ ಜಾಗದಲ್ಲಿ ಇಡುವವನು ಎಷ್ಟೇ ಭಕ್ತಿಯಿಂದ ಇಟ್ಟರೂ ಶಿಲುಬೆಯನ್ನು ಬದಿಗೆ ಸರಿಸಿದ್ದಾನೆ.

ಇಲ್ಲಿ ಎದ್ದು ನಿಲ್ಲುವವರು ಹೇಳುವುದನ್ನು ನಾನು ಬಲ್ಲೆ, ಅದರಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ದೇವರ ವಾಗ್ದಾನಗಳೆಲ್ಲ ಕ್ರಿಸ್ತನಲ್ಲಿ ಹೌದು ಎಂದು ಪೌಲನೇ ಕೊರಿಂಥದವರಿಗೆ ಬರೆದಿಲ್ಲವೇ, ಕ್ರಿಸ್ತನವರಾದ ನಾವು ಅಬ್ರಹಾಮನ ಸಂತತಿಯೂ ಬಾಧ್ಯರೂ ಅಲ್ಲವೇ ಎಂದು ಅವರು ಕೇಳುತ್ತಾರೆ. ಹೌದು, ಬಾಧ್ಯರೇ. ಆದರೆ ಯಾವುದಕ್ಕೆ ಬಾಧ್ಯರು ಎಂಬುದನ್ನೂ ಪೌಲನೇ ಬಿಡಿಸಿ ಹೇಳಿದ್ದಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅಬ್ರಹಾಮನಿಗಾದ ಆಶೀರ್ವಾದವು ಅನ್ಯಜನರಿಗೆ ಬಂದದ್ದು ಪವಿತ್ರಾತ್ಮನ ರೂಪದಲ್ಲಿ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಬಾಧ್ಯತೆಯ ಮಾತಿನ ಜೊತೆಗೇ ಕ್ರಿಸ್ತನ ಸಂಗಡ ಬಾಧೆಪಡುವ ಮಾತೂ ಅಂಟಿಕೊಂಡಿದೆ. ಅದೂ ಅಲ್ಲದೆ ನಾವು ಒಳಗೆ ಬಂದದ್ದು ಹೇಗೆ? ಒಡಂಬಡಿಕೆಗಳಿಗೆ ಹೊರಗಿನವರಾಗಿದ್ದು, ಕಾಡು ಎಣ್ಣೆಮರದ ಕೊಂಬೆಗಳಾಗಿದ್ದು, ಊರಮರಕ್ಕೆ ಕಸಿಯಾಗಿ. ನಮ್ಮ ಪೂರ್ವಜರ ಹೆಸರಿಗೆ ಯೆರೆಮೀಯ ಓಲೆ ಬರೆದಿರಲಿಲ್ಲ. ಕ್ರಿಸ್ತನ ಮೂಲಕ ಆ ಓಲೆ ನಮ್ಮದೂ ಆಯಿತು ನಿಜ, ಆದರೆ ಇಡಿಯಾಗಿ ಆಯಿತು: ಸೆರೆಯೂ ನಮ್ಮದು, ಎಪ್ಪತ್ತೂ ನಮ್ಮದು, ಶತ್ರುವಿನ ಪಟ್ಟಣಕ್ಕಾಗಿ ಮಾಡುವ ಪ್ರಾರ್ಥನೆಯೂ ನಮ್ಮದು. ಹನ್ನೊಂದನೆಯ ವಚನವೊಂದನ್ನೇ ಹಿರಿದುಕೊಳ್ಳುವ ಹಕ್ಕು ಕಸಿಯಾದ ಕೊಂಬೆಗೆ ಇಲ್ಲ.

ದೇವರ ವಾಕ್ಯ ಸಜೀವವಾದದ್ದು, ಆತ ಯಾವ ವಚನದಿಂದಲಾದರೂ ಯಾರೊಡನೆಯಾದರೂ ಮಾತಾಡಬಲ್ಲ ಎನ್ನುವವರಿದ್ದಾರೆ. ಮಾತಾಡಬಲ್ಲ, ಮಾತಾಡಿದ್ದಾನೆ ಎನ್ನುವ ಎಷ್ಟೋ ಸರಳ ಭಕ್ತರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೆ ವಚನವೊಂದನ್ನು ಅದರ ಜಾಗದಿಂದ ಕಿತ್ತು, ಇದು ನಿನಗೆ ದೇವರು ಕೊಟ್ಟ ಮಾತು, ಪರೀಕ್ಷಿಸಿ ನೋಡು ಎಂದು ಕೈಗಿಟ್ಟ ಒಂದು ಪ್ರಸಂಗ ಸುವಾರ್ತೆಯಲ್ಲೇ ಇದೆ. ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಸೈತಾನನು ಉದ್ಧರಿಸಿದ್ದು 91ನೇ ಕೀರ್ತನೆಯನ್ನು. ಕಾಲು ಕಲ್ಲಿಗೆ ತಗಲದಂತೆ ದೂತರು ಎತ್ತಿಕೊಳ್ಳುವರೆಂಬ ಆ ಮಾತು ಸುಳ್ಳಲ್ಲ; ಅದು ಸತ್ಯವೇದದ್ದೇ. ಯೇಸು ಅದನ್ನು ತನ್ನ ವಾಗ್ದಾನವೆಂದು ಎತ್ತಿಕೊಳ್ಳಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಧರ್ಮೋಪದೇಶಕಾಂಡದಿಂದ ಉತ್ತರ ಕೊಟ್ಟ. ಕರ್ತನೇ ತನಗಾಗಿ ಬೇಡವೆಂದ ಓದುವ ಕ್ರಮವನ್ನು ಆತನ ಸಭೆಗೆ ಕಲಿಸುವುದು ಹೇಗೆ ಸರಿ?

ಇನ್ನೊಂದು ಮಾತು ನನ್ನನ್ನು ನಿಜವಾಗಿ ತಡೆದು ನಿಲ್ಲಿಸುತ್ತದೆ. ಬಾಡಿಗೆ ಕಟ್ಟಲಾಗದೆ ಕುಳಿತವಳಿಗೆ, ಗಾರ್ಮೆಂಟ್ಸಿನಲ್ಲಿ ಹಗಲೆಲ್ಲ ದುಡಿದು ಬಂದು ಕುಡುಕ ಗಂಡನ ಕೈಲಿ ಹೊಡೆಸಿಕೊಳ್ಳುವವಳಿಗೆ ಆ ಒಂದು ಕಾರ್ಡೇ ಆಸರೆ. ಅದನ್ನೂ ಕಿತ್ತುಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ಅವಳು ದೇವರನ್ನು ಬಾಡಿಗೆಗಾಗಿ ಬೇಡಲಿ. ಅನುದಿನದ ಆಹಾರವನ್ನು ಬೇಡಲು ಕರ್ತನೇ ಕಲಿಸಿದ. ಬೇಡಿಕೆಗೆ ಮಿತಿ ಹಾಕುವವನು ನಾನಲ್ಲ, ದೇವರು ಬಾಡಿಗೆಯ ಹಣ ಒದಗಿಸಿದಾಗ ಸ್ತೋತ್ರ ಹೇಳಬೇಡ ಎನ್ನುವವನೂ ಅಲ್ಲ. ಬೇಡಿಕೊಂಡದ್ದನ್ನು ದೇವರೇ ಮಾತು ಕೊಟ್ಟದ್ದೆಂದು ಅವಳಿಗೆ ಹೇಳುವವರನ್ನು ನಾನು ವಿರೋಧಿಸುತ್ತೇನೆ. ಯಾಕೆಂದರೆ ವರ್ಷ ತಿರುಗುತ್ತದೆ. ಗಂಡ ಬದಲಾಗಿರುವುದಿಲ್ಲ. ಆಗ ಅವಳ ಮುಂದೆ ಉಳಿಯುವುದು ಎರಡೇ ದಾರಿ: ದೇವರು ಮಾತಿಗೆ ತಪ್ಪಿದ ಎನ್ನಬೇಕು, ಇಲ್ಲವೇ ನನ್ನ ನಂಬಿಕೆ ಸಾಲದೆ ಹೋಯಿತು ಎನ್ನಬೇಕು. ಮೊದಲನೆಯದನ್ನು ಬಾಯಿ ಬಿಟ್ಟು ಹೇಳಲು ಹೆದರಿ ಎರಡನೆಯದನ್ನು ಒಳಗೇ ನುಂಗುತ್ತಾಳೆ. ಹೊಡೆತದ ಮೇಲೆ ಅಪರಾಧದ ಭಾರವನ್ನೂ ಹೊರಿಸಿದವರು ಯಾರು? ಅವಳಿಗೆ ಸಭೆಯವರು ಬಾಡಿಗೆಗೆ ಕೈಯಿಂದ ಹಣ ಹಾಕಿದ್ದರೆ, ಗಂಡನ ಹೊಡೆತದಿಂದ ಬಿಡಿಸಿ ಇರಲು ಜಾಗ ಕೊಟ್ಟಿದ್ದರೆ, ದೇವರ ನಂಬಿಗಸ್ತಿಕೆ ಅವಳಿಗೆ ಹೆಚ್ಚು ಚೆನ್ನಾಗಿ ಕಾಣುತ್ತಿತ್ತು.

ನಮ್ಮ ಸಾಕ್ಷಿಯ ಸಮಯವನ್ನು ನೋಡಿ. ಮೈಕು ಸಿಗುವುದು ಗುಣವಾದವನಿಗೆ, ಸೈಟು ಕೊಂಡವನಿಗೆ, ವೀಸಾ ಬಂದವನಿಗೆ. ಉತ್ತರ ಬಾರದವರು ಹಿಂದಿನ ಬೆಂಚಿಗೆ ಸರಿಯುತ್ತಾರೆ, ಕೆಲವರು ಬಾಗಿಲಿನಿಂದಾಚೆಗೆ. ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಹೀಗೆ ಬೇರೆ ಮಾಡಿಲ್ಲ. ನಂಬಿಕೆಯಿಂದ ಸಿಂಹಗಳ ಬಾಯಿ ಕಟ್ಟಿದವರನ್ನು ಹೇಳಿ, 35ನೇ ವಚನದ ನಡುವಿನಲ್ಲೇ ತಿರುಗಿ, ಅದೇ ನಂಬಿಕೆಯಿಂದ ಕಲ್ಲೆಸೆತ ತಿಂದವರನ್ನೂ ಗರಗಸದಿಂದ ಕೊಯ್ಯಿಸಿಕೊಂಡವರನ್ನೂ ಹೇಳುತ್ತದೆ. ಇವರ ನಂಬಿಕೆ ಕಡಿಮೆಯೆಂದು ಎಣಿಸುವುದಿಲ್ಲ. ಇವರೆಲ್ಲರೂ ವಾಗ್ದಾನದ ಫಲ ಹೊಂದದೆಯೇ ಸತ್ತರೆಂದು ಸ್ಪಷ್ಟವಾಗಿ ಹೇಳಿ, ಲೋಕವು ಇವರಿಗೆ ಯೋಗ್ಯವಾಗಿರಲಿಲ್ಲ ಎನ್ನುತ್ತದೆ.

ಇಂಥವರು ನಮ್ಮ ನೆಲದಲ್ಲೂ ಇದ್ದರು. 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. 1799ರಲ್ಲಿ ಬಿಡುಗಡೆಯಾಗುವ ತನಕ ಹದಿನೈದು ವರ್ಷ ಅವರು ಸೆರೆಯಲ್ಲಿದ್ದರು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಬದುಕಿ ಉಳಿದವರು ಕರಾವಳಿಗೆ ಮರಳಿ ಬಿದ್ದ ಗುಡಿಗಳನ್ನು ಮತ್ತೆ ಎತ್ತಿದರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದ ಮೇಲೆ ಕ್ರಿಸ್ತನನ್ನು ಅಂಗೀಕರಿಸಿದ ಮೊದಲ ಕುಟುಂಬಗಳು ಮನೆಯಿಂದಲೂ ಬಂಧುಗಳಿಂದಲೂ ದೂರವಾದವು. ಮತ ಬದಲಿಸಿದವನು ಪಿತ್ರಾರ್ಜಿತ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂಬ ಕಾನೂನು ಬಂದದ್ದು 1850ರಲ್ಲಿ. ಅವರಿಗೆ ಸುವಾರ್ತೆ ಲಾಭವಾಗಿ ಬರಲಿಲ್ಲ, ನಷ್ಟವಾಗಿ ಬಂತು. ಆದರೂ ಹಿಡಿದುಕೊಂಡರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ಇಂದು ಕುಳಿತಿದ್ದಾರೆ. ಹನ್ನೆರಡು ತಿಂಗಳ ವಾಗ್ದಾನದ ಮೇಲೆ ನಿಂತ ನಂಬಿಕೆಯಾಗಿದ್ದರೆ ಅದು ಘಟ್ಟದ ಬುಡದಲ್ಲೇ ಸತ್ತಿರುತ್ತಿತ್ತು.

ಸಭಾಪಾಲಕರಲ್ಲಿ ನನ್ನದೊಂದು ವಿನಂತಿ. ಕಾರ್ಡು ಕೊಡಲೇಬೇಕೆಂದರೆ ಕೊಡಿ; ಆದರೆ ಯೆರೆಮೀಯನ 27ರಿಂದ 29ರವರೆಗಿನ ಅಧ್ಯಾಯಗಳನ್ನು ಮೊದಲು ಸಭೆಗೆ ಇಡಿಯಾಗಿ ಓದಿಸಿ. 89ನೇ ಕೀರ್ತನೆಯನ್ನು ಅರ್ಧಕ್ಕೆ ನಿಲ್ಲಿಸದೆ ಓದಿಸಿ. ಕೀರ್ತನೆಗಳಲ್ಲಿ ಮೂರನೇ ಒಂದು ಪಾಲಿನಷ್ಟು ಗೋಳಾಟದ ಹಾಡುಗಳಿವೆ; ನಮ್ಮ ಆರಾಧನೆಯಲ್ಲಿ ಅವುಗಳಿಗೆ ಜಾಗ ಕೊಡಿ. ಪ್ರಾರ್ಥನೆಗೆ ಉತ್ತರ ಬಾರದ ಒಬ್ಬರಿಗಾದರೂ ಸಾಕ್ಷಿ ಹೇಳಲು ಮೈಕು ಕೊಡಿ. ಕರ್ತನ ಮೇಜು ನಿಮ್ಮ ಕೈಯಲ್ಲಿದೆ: ಅಲ್ಲಿ ಬೇರೆಬೇರೆಯವರಿಗೆ ಬೇರೆಬೇರೆ ವಾಗ್ದಾನ ಹಂಚುವುದಿಲ್ಲ, ಎಲ್ಲರಿಗೂ ಒಂದೇ ರೊಟ್ಟಿ, ಒಂದೇ ಪಾತ್ರೆ, ಆತ ಬರುವ ತನಕ ಅದೇ. ಒಡಂಬಡಿಕೆಯ ರಕ್ತವೆಂದು ಕರ್ತನೇ ಕರೆದ ಆ ಪಾತ್ರೆಯ ಅರ್ಥವನ್ನು ಅಬ್ರಾಮನ ರಾತ್ರಿಯಿಂದ ಹಿಡಿದು ನಮ್ಮ ಜನರಿಗೆ ಬಿಡಿಸಿ ಹೇಳಿ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕಳೆದ ವರ್ಷದ ಕಾರ್ಡು ಸುಳ್ಳಾಯಿತೆಂದು ಒಳಗೊಳಗೇ ನೋಯುತ್ತಿದ್ದರೆ, ನಿಮ್ಮಲ್ಲಿ ಒಂದು ಮಾತು. ದೇವರು ನಿಮಗೆ ಮೋಸ ಮಾಡಿಲ್ಲ, ನಿಮ್ಮ ನಂಬಿಕೆಯೂ ಸೋತಿಲ್ಲ. ಆತ ಕೊಡದ ಮಾತನ್ನು ಆತನ ಹೆಸರಿನಲ್ಲಿ ನಿಮಗೆ ಕೊಟ್ಟವರು ಮನುಷ್ಯರು. ಆತ ನಿಮಗೆ ನಿಜವಾಗಿ ಕೊಟ್ಟ ಮಾತು ಯೇಸು ಕ್ರಿಸ್ತನು. ಆತನನ್ನು ಸತ್ತವರೊಳಗಿಂದ ಎಬ್ಬಿಸಿದವನು ಇನ್ನುಳಿದದ್ದನ್ನೂ ಪೂರೈಸುವನು. ಕಾಯುವವರಲ್ಲಿ ನೀವು ಮೊದಲಿಗರಲ್ಲ. ಸಭೆಯನ್ನು ಬಿಡಬೇಡಿ.